ಹೊಸ ಹಿಡಿಕೆಯ ಸವೆತ

ಇಂಥ ಸಂಗತಿಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಹನೆ ಕಡಿಮೆ. ಯಾರಾದರೂ ಅಂಗಡಿಯ ಮುಂದೆ ಕೂತು, ತೋಟದಲ್ಲಿ ಏನೋ ಕಂಡೆ, ಬಾವಿ ಕಡೆಯಿಂದ ಯಾರೋ ಕರೆದರು ಎಂದು ಶುರುಮಾಡಿದರೆ, ಎಷ್ಟು ದೂರದಿಂದ ಕಂಡಿರಿ, ಆಗ ಬೆಳಕು ಎಷ್ಟಿತ್ತು ಎಂದು ಕೇಳುತ್ತಿದ್ದೆ. ಎರಡು ಪ್ರಶ್ನೆಗೆ ಅವರ ಕಥೆ ನಿಂತುಹೋಗುತ್ತಿತ್ತು. ಆರು ವರ್ಷದಿಂದ ಅದೇ ಎರಡು ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಳ್ಳುತ್ತಿದ್ದೇನೆ. ನನ್ನ ಕಥೆ ಮಾತ್ರ ನಿಂತುಹೋಗುತ್ತಿಲ್ಲ. ದೂರವೇ ಇರಲಿಲ್ಲ, ಆ ವಸ್ತು ನನ್ನ ಅಂಗೈಯಲ್ಲಿತ್ತು. ಬೆಳಕು, ಮಧ್ಯಾಹ್ನ ಮೂರು ಗಂಟೆಯ ಬಿಸಿಲು.

ಇದನ್ನು ಓದಿ ನೀವು ನಂಬಬೇಕೆಂದು ನಾನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುತ್ತೇನೆ. ನನಗೆ ವಿರುದ್ಧವಾಗಿರುವ ಸಂಗತಿಯನ್ನೂ ಬಿಡದೆ ಹೇಳುತ್ತೇನೆ. ಒಂದನ್ನು ಮಾತ್ರ ಮಾಡುವುದಿಲ್ಲ. ಊರಿನವರು ಸುಲಭವಾಗಿ ಒಪ್ಪುವಂಥ ಸುಳ್ಳೊಂದನ್ನು ಹೇಳಿ ಬಚಾವಾಗುವುದಿಲ್ಲ.

ನಮ್ಮದು ತಿಪಟೂರಿನಲ್ಲಿ ಹಿತ್ತಾಳೆ ಕೆಲಸದ ಮನೆ. ಅಪ್ಪ ಪೇಟೆಯ ಓಣಿಯೊಂದರಲ್ಲಿ ಪಾತ್ರೆ ಎರೆಯುತ್ತಿದ್ದರು, ಒಡೆದ ಪಾತ್ರೆಗಳಿಗೆ ಬೆಸುಗೆ ಹಾಕುತ್ತಿದ್ದರು. ಸ್ಟೀಲು ಬಂದ ಮೇಲೆ ಬಿಂದಿಗೆ, ಹಂಡೆ ಕೇಳುವವರು ಇಲ್ಲವಾದರು. ನಾನು ದೀಪ, ಗಂಟೆ, ಬಾಗಿಲ ಚಿಲಕ ಎಂದು ಹೇಗೋ ತಳ್ಳುತ್ತಿದ್ದೆ. ಒಂದು ದಿನ ನನ್ನ ಗೆಳೆಯ ರಹಮತ್ ಒಂದು ಹಳೆಯ ಕಾರಿನ ಹೆಡ್‌ಲೈಟಿನ ಬಳೆ ತಂದು, 'ಇಂಥದ್ದು ಇನ್ನೊಂದು ಬೇಕು' ಎಂದ. ಹುಳಿಯಾರು ರಸ್ತೆಯಲ್ಲಿ ಅವನ ಗ್ಯಾರೇಜು. ತಾತಂದಿರ ಕಾಲದ ಕಾರುಗಳನ್ನು ಬಿಚ್ಚಿ, ತುಕ್ಕು ಕೆರೆದು, ಮತ್ತೆ ಓಡುವಂತೆ ಮಾಡುವುದರಲ್ಲಿ ಅವನು ಗಟ್ಟಿಗ. ಆ ಬಳೆಯಿಂದ ನನ್ನ ದಾರಿ ಬದಲಾಯಿತು. ಈಗ ನನ್ನ ಕೆಲಸ ಹೆಚ್ಚಾಗಿ ಹಳೆಯ ಕಾರುಗಳ ಹಿತ್ತಾಳೆ ಸಾಮಾನು: ಗಾಜಿನ ಸುತ್ತಿನ ಪಟ್ಟಿ, ರೇಡಿಯೇಟರಿನ ಮುಚ್ಚಳ, ಬಾಗಿಲಿನ ಹಿಡಿಕೆ.

ಈ ಕಸುಬಿನಲ್ಲಿ ಒಂದು ಕೊಳಕು ಇದೆ, ಅದನ್ನು ಹೇಳಬೇಕು. ಹೊಸದಾಗಿ ಎರೆದದ್ದನ್ನು ಉಪ್ಪು, ಹುಳಿ ಹಚ್ಚಿ ತಿಪ್ಪೆಯಲ್ಲಿ ಹೂತು, ಅರದಿಂದ ಅಲ್ಲಲ್ಲಿ ಸವೆಸಿ, ಇದು ಕಾರಿನ ಜೊತೆಗೇ ಬಂದ ಅಸಲಿ ಎಂದು ಕೊಡುವವರಿದ್ದಾರೆ. ನಾನು ಆ ಕೆಲಸ ಮಾಡಿದವನಲ್ಲ. ಹಿತ್ತಾಳೆಯ ಬಣ್ಣ ಹೊಂದಲೆಂದು ಹಳೆಯ ಪಾತ್ರೆ ಕರಗಿಸುತ್ತೇನೆ, ಅಷ್ಟೆ. ಹೊಸದನ್ನು ಹೊಸದೆಂದೇ ಹೇಳಿ ಕೊಡುತ್ತೇನೆ.

ಆರು ವರ್ಷದ ಹಿಂದೆ ರಹಮತ್‌ನ ಗ್ಯಾರೇಜಿಗೆ ಪಂಚಾಕ್ಷರಿಯವರ ಕಾರು ಬಂತು. ಪಂಚಾಕ್ಷರಿಯವರು ಕೊಬ್ಬರಿ ವ್ಯಾಪಾರಸ್ಥರು. ಅವರ ತಾತ ಕೊಂಡ ಇಂಗ್ಲೆಂಡಿನ ಕಾರು ಅದು. ಮನೆಯ ಹಿಂದೆ, ಕಾಯಿ ಒಣಗಿ ಕೊಬ್ಬರಿಯಾಗಲು ಹಾಕುವ ಅಟ್ಟದ ಕೆಳಗೆ ನಲವತ್ತು ವರ್ಷಕ್ಕೂ ಹೆಚ್ಚು ನಿಂತಿತ್ತು. ಅದನ್ನು ರಿಪೇರಿ ಮಾಡಿಸಿ ಮೈಸೂರಿನಲ್ಲಿ ನಡೆಯುವ ಹಳೆಯ ಕಾರುಗಳ ಪ್ರದರ್ಶನಕ್ಕೆ ಒಯ್ಯಬೇಕೆಂದು ಅವರ ಆಸೆ. ಎಲ್ಲವೂ ಇತ್ತು. ಹಿಂದಿನ ಎಡಬಾಗಿಲಿನ ಹೊರಗಿನ ಹಿಡಿಕೆ ಮಾತ್ರ ಇರಲಿಲ್ಲ.

ಆ ಹಿಡಿಕೆ ಯಾಕೆ ಇರಲಿಲ್ಲ ಎಂಬುದು ನಮ್ಮ ಓಣಿಯ ಹಳಬರಿಗೆಲ್ಲ ಗೊತ್ತು. ಪಂಚಾಕ್ಷರಿಯವರು ಹತ್ತು ವರ್ಷದ ಹುಡುಗನಾಗಿದ್ದಾಗ ಅವರ ಮನೆಯವರು ಅದನ್ನು ರಿಪೇರಿಗೆಂದು ನಮ್ಮ ಅಪ್ಪನಿಗೆ ಕೊಟ್ಟಿದ್ದರು. ಅಪ್ಪ, ಮಾಡಿ ಕೊಟ್ಟೆ ಎಂದರು. ಆ ಮನೆಯವರು, ಬರಲೇ ಇಲ್ಲ ಎಂದರು. ಯಾರೂ ಪೊಲೀಸರ ಹತ್ತಿರ ಹೋಗಲಿಲ್ಲ, ಜಗಳವೂ ಆಗಲಿಲ್ಲ. ಆದರೆ ಆ ಮೇಲೆ ದೊಡ್ಡ ಮನೆಗಳವರು ಪಾತ್ರೆ ಕೊಡುವಾಗ ಆಳನ್ನು ಕೆಲಸ ಮುಗಿಯುವವರೆಗೆ ನಮ್ಮ ಅಂಗಡಿಯಲ್ಲೇ ಕೂರಿಸುತ್ತಿದ್ದರು. ಅಪ್ಪ ತಲೆ ಎತ್ತದೆ ಕೆಲಸ ಮಾಡುತ್ತಿದ್ದರು. ಸಾಯುವ ವಾರದಲ್ಲೂ ಅವರು, 'ನಾನು ಕೊಟ್ಟಿದ್ದೆ ಕಣಪ್ಪ' ಎಂದದ್ದು ಈ ವಿಷಯಕ್ಕೇ.

ಹಾಗಾಗಿ ಆ ಕೆಲಸವನ್ನು ಒಪ್ಪಿಕೊಳ್ಳಬೇಡ ಎಂದು ಮನೆಯಲ್ಲಿ ಹೇಳಿದರು. ನಾನು ಒಪ್ಪಿಕೊಂಡೆ. ಅಪ್ಪನ ಹೆಸರಿಗೆ ಅಂಟಿದ್ದ ಆ ಖಾಲಿ ಜಾಗಕ್ಕೆ ನನ್ನ ಕೈಯಿಂದಲೇ ಹಿಡಿಕೆ ಮಾಡಿ ಕೂರಿಸಬೇಕು, ಎಲ್ಲರೂ ನೋಡುವಂತೆ ಕೂರಿಸಬೇಕು ಎಂಬ ಹಟ ನನಗಿತ್ತು.

ಉಳಿದ ಮೂರು ಹಿಡಿಕೆಗಳನ್ನು ಬಿಚ್ಚಿ ತಂದು ನಾಲ್ಕು ದಿನ ಅಳೆದೆ. ಡ್ರೈವರ್ ಬಾಗಿಲಿನದು ಬಹಳ ಸವೆದಿತ್ತು. ಮುಂದಿನ ಎಡಗಡೆಯದು ಅದಕ್ಕಿಂತ ಕಡಿಮೆ. ಹಿಂದಿನ ಬಲಬಾಗಿಲಿನದು ಹೆಚ್ಚುಕಡಿಮೆ ಹೊಸದರಂತೆಯೇ ಇತ್ತು, ಆ ಬಾಗಿಲನ್ನು ಯಾರೂ ಬಳಸುತ್ತಿರಲಿಲ್ಲವಂತೆ. ಅದರ ಅಳತೆಯನ್ನೇ ಹಿಡಿದು, ಎಡಬಲ ತಿರುಗಿಸಿ, ತೇಗದಲ್ಲಿ ಮಾದರಿ ಕೆತ್ತಿದೆ. ಹಿತ್ತಾಳೆ ತಣಿಯುವಾಗ ಕುಗ್ಗುತ್ತದೆ, ಅದಕ್ಕಾಗಿ ಮಾದರಿಯನ್ನು ಒಂದಿಷ್ಟು ದಪ್ಪ ಇಟ್ಟೆ. ಹಿಡಿಯುವ ಜಾಗದಲ್ಲಿ ಸರಿಯಾಗಿ ಹನ್ನೆರಡು ಮಿಲಿಮೀಟರ್. ಅದರ ಮೈಯಲ್ಲಿ ಎಲ್ಲೂ ತಗ್ಗಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಆ ಮಾದರಿ ಈಗಲೂ ನನ್ನ ಹತ್ತಿರ ಇದೆ. ಯಾರು ಬೇಕಾದರೂ ಬಂದು ಅಳೆಯಬಹುದು.

ಎರಕ ಹೊಯ್ದದ್ದು ಒಂದು ಬುಧವಾರ. ಅಚ್ಚಿಗೆ ಅರಳಗುಪ್ಪೆ ಕೆರೆಯ ಗೋಡುಮಣ್ಣು, ಜರಡಿ ಹಿಡಿದದ್ದು. ಅದನ್ನು ಎರಡು ಪೆಟ್ಟಿಗೆಗಳಲ್ಲಿ ತುಂಬಿ, ನಡುವೆ ಮಾದರಿ ಇಟ್ಟು ಒತ್ತಿ, ಪೆಟ್ಟಿಗೆ ಬಿಡಿಸಿ ಮಾದರಿಯನ್ನು ತೆಗೆದೆ. ಮಣ್ಣಿನಲ್ಲಿ ಮೂಡಿದ ಗುರುತನ್ನು ಟಾರ್ಚು ಹಿಡಿದು ನೋಡಿದೆ. ಚೊಕ್ಕವಾಗಿತ್ತು. ಮತ್ತೆ ಪೆಟ್ಟಿಗೆ ಮುಚ್ಚಿದೆ. ತೆಂಗಿನ ಚಿಪ್ಪಿನ ಇದ್ದಿಲ ಮೇಲೆ ಮೂಸೆ ಇಟ್ಟು, ಗುಜರಿಯಿಂದ ತಂದಿದ್ದ ಎರಡು ಚೊಂಬು, ಒಂದು ಹಳೆಯ ತಟ್ಟೆ ಕರಗಿಸಿ, ಹನ್ನೆರಡು ಗಂಟೆ ಸುಮಾರಿಗೆ ಹೊಯ್ದೆ. ಆಮೇಲೆ ಊಟ ಮಾಡಿದೆ. ಅಂಗಡಿಯ ಹಿಂದಿನ ಆ ಕೋಣೆಗೆ ನನ್ನನ್ನು ಬಿಟ್ಟು ಯಾರೂ ಬರಲಿಲ್ಲ. ಊಟ ಮಾಡಿದ್ದೂ ಆ ಕೋಣೆಯ ಬಾಗಿಲಲ್ಲೇ ಕೂತು.

ಎರಡೂವರೆಗೆ ಅಚ್ಚು ಒಡೆದೆ. ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಅದಕ್ಕೆ ಇವತ್ತಿಗೂ ಹಲ್ಲು ಕಡಿಯುತ್ತೇನೆ. ಎರಕ ಒಳಗೆ ಹರಿದ ದಾರಿಯಲ್ಲೇ ಗಟ್ಟಿಯಾಗಿ ನಿಂತ ಒಂದು ತುಂಡು ಹೊಸ ಸಾಮಾನಿಗೆ ಅಂಟಿಕೊಂಡು ಬರುತ್ತದೆ. ನಾವು ಅದನ್ನು ಬಾಲ ಎನ್ನುತ್ತೇವೆ. ಬಾಲ ಇದ್ದರೆ ಅದು ಆಗಷ್ಟೇ ಅಚ್ಚಿನಿಂದ ಬಂದದ್ದು ಎಂದು ಮಗು ಕೂಡ ಹೇಳಬಹುದು. ಆದರೆ ಎರಕದವನ ಕೈ ಮೊದಲು ಮಾಡುವ ಕೆಲಸ ಬಾಲ ಕೊಯ್ಯುವುದು. ಅಪ್ಪನಿಂದ ಬಂದ ಅಭ್ಯಾಸ. ಹಿಡಿಕೆಯ ಮೈಮೇಲೆ ಸುಟ್ಟ ಮಣ್ಣು ಇನ್ನೂ ಕಪ್ಪಗೆ ಅಂಟಿಕೊಂಡಿರುವಾಗಲೇ, ನಾನು ಅದರ ಬುಡದ ಬಾಲವನ್ನು ಗರಗಸದಲ್ಲಿ ಕೊಯ್ದು, ಕೆಂಡದ ಮೇಲೇ ಇದ್ದ ಮೂಸೆಗೆ ಎಸೆದುಬಿಟ್ಟೆ. ಆಮೇಲೆ ಹಿಡಿಕೆಯನ್ನು ಬಕೆಟ್ಟಿನ ನೀರಿಗೆ ಹಾಕಿ, ಹುಣಸೆಹಣ್ಣು ಹಚ್ಚಿ ಬ್ರಷ್ಷಿನಿಂದ ಉಜ್ಜಿದೆ.

ಉಜ್ಜುವಾಗ ನನ್ನ ಹೆಬ್ಬೆರಳು ಒಂದು ತಗ್ಗಿಗೆ ಜಾರಿತು.

ಎರಕ ಒಳಗೆ ಕುಸಿದಿದೆ ಎಂದುಕೊಂಡೆ. ದಪ್ಪ ಜಾಗ ನಿಧಾನ ತಣಿದು ಕುಸಿಯುವುದು ಉಂಟು. ಬಿಸಿಲಿಗೆ ತಂದು ನೋಡಿದೆ. ಕುಸಿದ ಜಾಗ ಒರಟಾಗಿರುತ್ತದೆ, ಸಣ್ಣ ತೂತುಗಳಿರುತ್ತವೆ. ಇದು ಹಾಗಿರಲಿಲ್ಲ. ಹಿಡಿಕೆಯ ಮೇಲ್ಭಾಗದಲ್ಲಿ, ಹೆಬ್ಬೆರಳು ಕೂರುವಲ್ಲಿ, ಉದ್ದುದ್ದಕ್ಕೆ ಒಂದು ತಗ್ಗು. ಹಿಂಭಾಗದಲ್ಲಿ ಬೆರಳುಗಳು ಬರುವಲ್ಲಿ ಅದಕ್ಕಿಂತ ಆಳ ಕಡಿಮೆಯ ಇನ್ನೂ ಮೂರು. ಎಲ್ಲವೂ ನುಣುಪು. ಒನಕೆಯ ನಡು ಸವೆದಿರುವಂತೆ, ಹಳೆಯ ಮೆಟ್ಟಿಲು ಸವೆದಿರುವಂತೆ. ಮೂರರಲ್ಲಿ ಒಂದು ತಗ್ಗಿನ ಅಡ್ಡಕ್ಕೆ ಒಂದು ಸಣ್ಣ ಗೆರೆ ಕೂಡ ಇತ್ತು, ದಾರ ಎಳೆದಂತೆ. ಅದೇನೆಂದು ನನಗೆ ಆಗ ತಿಳಿಯಲಿಲ್ಲ.

ಕ್ಯಾಲಿಪರ್ ಹಿಡಿದೆ. ಹೆಬ್ಬೆರಳ ಜಾಗದಲ್ಲಿ ಒಂಬತ್ತೂವರೆ ಮಿಲಿಮೀಟರ್. ಅದರ ಆಚೆ ಈಚೆ ಹನ್ನೊಂದು ಮುಕ್ಕಾಲು, ಅಂದರೆ ಬರಬೇಕಾದದ್ದು ಸರಿಯಾಗಿ ಬಂದಿತ್ತು. ಮೂರು ಸಲ ಅಳೆದೆ. ಮಾದರಿಯನ್ನೂ ಅಳೆದೆ. ಎರಡು ಪೆಟ್ಟಿಗೆ ಕೂಡುವ ಕಡೆ ಎರಕದ ಮೈಮೇಲೆ ಸಣ್ಣ ಏಣು ಏಳುತ್ತದೆ. ಆ ಏಣು ಹಿಡಿಕೆಯ ಉದ್ದಕ್ಕೂ ಬಂದು, ತಗ್ಗಿನ ಅಂಚಿನಲ್ಲಿ ನಿಂತು, ತಗ್ಗು ಮುಗಿದ ಮೇಲೆ ಮತ್ತೆ ಮುಂದುವರಿದಿತ್ತು. ಯಾರೋ ಏಣನ್ನು ವರ್ಷಗಟ್ಟಲೆ ಹಿಡಿದು ಹಿಡಿದು ಸವೆಸಿದ ಹಾಗೆ. ಆ ಹಿಡಿಕೆಗೆ ಆಗ ಮೂರು ಗಂಟೆಯ ವಯಸ್ಸು.

ನಾನು ಹೆದರಿದೆನೇ ಎಂದರೆ, ಹೌದು. ಮೆಟ್ಟಿಲ ಮೇಲೆ ಕೂತೆ. ಅಚ್ಚಿನ ಮಣ್ಣನ್ನು ನೋಡೋಣವೆಂದರೆ ಅದನ್ನು ನಾನೇ ಒಡೆದು ಪುಡಿ ಮಾಡಿದ್ದೆ.

ನಾಲ್ಕು ಗಂಟೆಗೆ ರಹಮತ್ ಬಂದ. ಹೇಳಿದೆ. ಅವನು ಹಿಡಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಏಣಿನ ಮೇಲೆ ಉಗುರು ಆಡಿಸಿದ.

'ಏಣಂತೂ ಐತೆ' ಎಂದ. 'ನೀನೇ ಅರ ಹಾಕಿಲ್ಲ ತಾನೇ?'

'ನಿನ್ನಾಣೆ ಹಾಕಿಲ್ಲ.'

'ನನ್ನಾಣೆ ಯಾಕ್ಲಾ ಇಡ್ತೀಯ, ನನ್‌ ಮಕ್ಳು ಚಿಕ್ಕೋವು' ಎಂದು ನಕ್ಕ. ಆದರೆ ಹಿಡಿಕೆಯನ್ನು ಬೇಗ ಕೆಳಗಿಟ್ಟ. 'ನೋಡು, ಇದನ್ನ ಮೂಸೆಗೆ ಹಾಕು. ಇನ್ನೊಂದ್ ಹೊಯ್ಯಿ. ಯಾರಿಗೂ ಹೇಳ್ಬ್ಯಾಡ ಬುಡು.'

ಬಹುಶಃ ಅವನ ಮಾತು ಕೇಳುತ್ತಿದ್ದೆ. ಅಷ್ಟರಲ್ಲಿ ಪಂಚಾಕ್ಷರಿಯವರ ಜೀಪು ಅಂಗಡಿ ಮುಂದೆ ನಿಂತಿತು. ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದಿದ್ದರು. ಹಿಡಿಕೆ ಮೇಜಿನ ಮೇಲೇ ಇತ್ತು. ಅವರು ಅದನ್ನು ಎತ್ತಿಕೊಂಡರು. ಅವರ ಮುಖ ಬೆಳಗಿದ್ದನ್ನು ನಾನು ಮರೆಯಲಾರೆ.

'ಇದು ನಮ್ದೇ ಕಣ್ರೀ, ಆಚಾರ್ರೇ' ಎಂದರು. 'ಅಸಲಿ. ಎಲ್ಲಿತ್ತು?'

'ಎಲ್ಲೂ ಇರ್ಲಿಲ್ಲ ಸಾವ್ಕಾರ್ರೇ. ಈಗ ಎರೆದದ್ದು' ಎಂದೆ.

ಅವರು ನನ್ನ ಭುಜದ ಮೇಲೆ ಕೈಯಿಟ್ಟರು. ತುಂಬ ಮೆದುವಾಗಿ ಹೇಳಿದರು: 'ಬುಡ್ರೀ, ಹೋಗ್ಲಿ. ನಿಮ್ಮಪ್ಪಾರು ಪೆಟ್ಟಿಗೇಲಿ ಎಲ್ಲೋ ಇಟ್ಟಿದ್ರು, ಈಗ ಸಿಕ್ತು. ಆಗಿದ್ದು ಆಯ್ತು. ನಂಗೇನೂ ಕೋಪ ಇಲ್ಲ.'

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕ್ಷಮಿಸಿದರು. ನನ್ನ ಅಪ್ಪ ಮಾಡದ ತಪ್ಪಿಗೆ, ನನ್ನದೇ ಅಂಗಡಿಯಲ್ಲಿ ನಿಂತು ಕ್ಷಮಿಸಿದರು. ಆ ಗಳಿಗೆಯಲ್ಲಿ ನನ್ನ ಹೆದರಿಕೆ ಹೋಯಿತು. 'ಇದನ್ನ ನಾನು ಮಾಡಿದ್ದು. ಈ ಸವೆತ ಹೇಗೆ ಬಂತೋ ನಂಗೆ ಗೊತ್ತಿಲ್ಲ. ಆದರೆ ಮಾಡಿದ್ದು ನಾನು' ಎಂದೆ. ರಹಮತ್ ಹಿಂದಿನಿಂದ ನನ್ನ ಅಂಗಿ ಎಳೆಯುತ್ತಿದ್ದ. ಸಾಹುಕಾರರು ಹೋದ ಮೇಲೆ, 'ಗುಜರೀಲಿ ಸಿಕ್ತು ಅಂದ್ಬುಡು ಕಣ್ಲಾ. ನಿಮ್ಮಪ್ಪನ್‌ ಮೇಲೂ ಬರಲ್ಲ, ನಿನ್‌ ಮೇಲೂ ಬರಲ್ಲ, ಸಾವ್ಕಾರ್ರಿಗೂ ಖುಷಿ' ಎಂದು ಅರ್ಧ ಗಂಟೆ ಹೇಳಿದ. ಅವನು ಹೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಗುಜರಿಯಲ್ಲಿ ಸಿಕ್ಕಿತೆಂದರೆ, ಅದು ಯಾರದೋ ಕೈಯಿಂದ ಗುಜರಿಗೆ ಹೋಯಿತು ಎಂದಾಯಿತು. ಆ ಕೈ ಯಾರದೆಂದು ಓಣಿಯಲ್ಲಿ ಯಾರೂ ಎರಡನೆಯ ಸಲ ಯೋಚಿಸುತ್ತಿರಲಿಲ್ಲ.

ಮರುದಿನ ನಾನು ಪಂಚಾಕ್ಷರಿಯವರಿಗೆ ಫೋನು ಮಾಡಿ, ನಿಮ್ಮ ಕಣ್ಣೆದುರೇ ಇನ್ನೊಮ್ಮೆ ಹೊಯ್ಯುತ್ತೇನೆ ಬನ್ನಿ ಎಂದೆ. ಭಾನುವಾರ ಬೆಳಿಗ್ಗೆ ಬಂದರು. ರಹಮತ್ ಕೂಡ ಬಂದ. ಅದೇ ಮಾದರಿ, ಅದೇ ಮಣ್ಣು, ಮೂಸೆಯಲ್ಲಿ ಉಳಿದಿದ್ದ ಅದೇ ಹಿತ್ತಾಳೆ. ಬಾಲವನ್ನು ಈ ಸಲ ಕೊಯ್ಯಲಿಲ್ಲ. ಅಚ್ಚು ಒಡೆದು, ಮೂವರೂ ಬಗ್ಗಿ ನೋಡುತ್ತಿರುವಾಗಲೇ ಉಜ್ಜಿ ತೊಳೆದೆ.

ಹಿಡಿಕೆ ಚೊಕ್ಕವಾಗಿ ಬಂದಿತ್ತು. ಎಲ್ಲೂ ಸವೆತ ಇರಲಿಲ್ಲ. ಏಣು ಒಂದು ತುದಿಯಿಂದ ಇನ್ನೊಂದು ತುದಿಗೆ ತಡೆಯಿಲ್ಲದೆ ಓಡಿತ್ತು.

ನನ್ನ ವಿರುದ್ಧದ ಸಾಕ್ಷಿ ಇದು. ಇದನ್ನು ಮುಚ್ಚಿಡುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ. ಪಂಚಾಕ್ಷರಿಯವರು ಎರಡು ಹಿಡಿಕೆಗಳನ್ನೂ ಎರಡು ಕೈಯಲ್ಲಿ ಹಿಡಿದು, 'ಹೊಸಾದು ಹೆಂಗಿರ್ತದೆ ಅಂತ ನೀವೇ ತೋರಿಸಿದ್ರಲ್ಲ ಆಚಾರ್ರೇ' ಎಂದರು. ಅವರು ಹೊಸದನ್ನು ಮೇಜಿನ ಮೇಲಿಟ್ಟು, ಸವೆದದ್ದನ್ನು ತೋರಿಸಿ, 'ಇದನ್ನೇ ಹಾಕಿ. ಪ್ರದರ್ಶನದವರಿಗೆ ಒಂದು ಕಾಗದ ಬೇಕು. ಇದು ಕಾರಿನ ಜೊತೆ ಬಂದ ಅಸಲಿ ಅಂತ ಬರೆದು ಸಹಿ ಹಾಕಿ, ಸಾಕು. ಅದು ಎಲ್ಲಿತ್ತು ಅಂತ ನಾನು ಯಾವತ್ತೂ ಕೇಳಲ್ಲ' ಎಂದರು. ಸಹಿ ಹಾಕುವುದಿಲ್ಲ ಎಂದೆ. ಹಿಡಿಕೆ ಕೂರಿಸಲು ಮಾತ್ರ ಮಂಗಳವಾರ ಬರುತ್ತೇನೆ ಎಂದೆ. ಸವೆದದ್ದನ್ನು ನಾನೇ ಇಟ್ಟುಕೊಂಡೆ. ನನ್ನ ಕೈಯಿಂದ ಬಂದದ್ದು, ಕೂರಿಸುವವರೆಗೆ ನನ್ನದು.

ಆ ಎರಡು ದಿನ ಮನೆಯವರ ಜೊತೆ ಸರಿಯಾಗಿ ಮಾತಾಡಲಿಲ್ಲ. ನಿಜವಾಗಿಯೂ ಹಾಗೆ ಆಗಿರಬಹುದೇ ಎಂದು ನನ್ನನ್ನೇ ಅನುಮಾನಿಸಿದೆ. ಅಪ್ಪನ ಹಳೆಯ ಪೆಟ್ಟಿಗೆಯ ಸಾಮಾನಿನ ಜೊತೆ ಆ ಹಿಡಿಕೆ ಎಲ್ಲೋ ಇತ್ತು, ನಾನು ಅದನ್ನು ತಿಳಿಯದೆ ಅಚ್ಚಿನ ಹತ್ತಿರ ಇಟ್ಟಿದ್ದೆ, ಕೈ ತಪ್ಪಿ ಅದನ್ನೇ ಉಜ್ಜಿದೆ, ಎರೆದದ್ದು ಬೇರೆ ಎಲ್ಲೋ ಬಿತ್ತು? ಅಂಗಡಿಯ ಇಂಚಿಂಚೂ ಹುಡುಕಿದೆ. ಸವೆದದ್ದು, ಭಾನುವಾರದ್ದು ಬಿಟ್ಟರೆ ಮೂರನೆಯ ಹಿಡಿಕೆ ಸಿಗಲಿಲ್ಲ. ಅಲ್ಲದೆ ಅದರ ಬಾಲವನ್ನು ಕೊಯ್ದದ್ದು ನಾನೇ. ಗರಗಸದ ಬಿಸಿ ನನ್ನ ಬೆರಳಿಗೆ ನೆನಪಿತ್ತು.

ಮಂಗಳವಾರ ಅವರ ಮನೆಗೆ ಹೋದೆ. ತುರುವೇಕೆರೆ ರಸ್ತೆಯಲ್ಲಿ, ತೋಟದ ನಡುವೆ ಮನೆ. ಕಾರನ್ನು ಅಂಗಳದಲ್ಲಿ ನಿಲ್ಲಿಸಿದ್ದರು. ಬಣ್ಣ ಹೊಡೆದು ಥಳಥಳ ಎನ್ನುತ್ತಿತ್ತು. ಆ ಎಡಬಾಗಿಲಲ್ಲಿ ಮಾತ್ರ ಚೌಕದ ತೂತು. ರಹಮತ್ ನನಗಿಂತ ಮೊದಲೇ ಬಂದು ಬಾಗಿಲ ಒಳಗಿನ ಬೀಗ ಸರಿಮಾಡಿಟ್ಟಿದ್ದ. ಸವೆದ ಹಿಡಿಕೆಯನ್ನು ತೂತಿಗೆ ಕೂರಿಸಿ ಮೊಳೆ ಬಡಿದೆ. ಒಂದು ಎಳೆಯಷ್ಟೂ ಅಲ್ಲಾಡಲಿಲ್ಲ.

ಆಗ ಪಂಚಾಕ್ಷರಿಯವರ ತಾಯಿ ರುದ್ರಮ್ಮನವರು ಜಗುಲಿಯಿಂದ ಇಳಿದು ಬಂದರು. ಎಂಬತ್ತು ದಾಟಿದ ಜೀವ, ಆದರೆ ಕೋಲಿಲ್ಲದೆ ನಡೆಯುತ್ತಿದ್ದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಕಾರಿನ ಹತ್ತಿರ ಬಂದವರೇ ಬಲಗೈಯನ್ನು ಸೊಂಟದ ಹತ್ತಿರ ಮಡಿಚಿಕೊಂಡು, ಎಡಗೈಯಿಂದ ಹಿಡಿಕೆ ಹಿಡಿದು ಬಾಗಿಲು ತೆಗೆದರು. ಹಿಡಿಕೆಯ ಕಡೆ ನೋಡಲೂ ಇಲ್ಲ. ನಾವು ಮನೆಯ ಸ್ವಿಚ್ಚನ್ನು ಕತ್ತಲಲ್ಲಿ ಹುಡುಕದೆ ಒತ್ತುತ್ತೇವಲ್ಲ, ಹಾಗೆ.

ತೆಗೆದ ಮೇಲೆ ಅಲ್ಲೇ ನಿಂತರು. ಕೈ ಬಿಡಲಿಲ್ಲ. ನಾನು ಎರಡು ಅಡಿ ದೂರದಲ್ಲಿದ್ದೆ. ಅವರ ಹೆಬ್ಬೆರಳು ಆ ತಗ್ಗಿನಲ್ಲಿತ್ತು. ತಗ್ಗಿಗೂ ಬೆರಳಿಗೂ ನಡುವೆ ಒಂದು ಕಾಗದ ತೂರಿಸಲು ಜಾಗವಿರಲಿಲ್ಲ. ಉಂಗುರದ ಬೆರಳಿನಲ್ಲಿ ಒಂದು ತೆಳ್ಳನೆಯ ಚಿನ್ನದ ಸುತ್ತು ಇತ್ತು. ಅವರು ಕೈ ತೆಗೆದಾಗ ನೋಡಿದೆ. ನನಗೆ ಅರ್ಥವಾಗದೆ ಉಳಿದಿದ್ದ ಆ ದಾರದಂಥ ಗೆರೆ ಇದ್ದದ್ದು ಸರಿಯಾಗಿ ಆ ಉಂಗುರ ತಾಗುವಲ್ಲಿ.

'ಇದು ನನ್‌ ಕೈ ಜಾಗ' ಎಂದರು ರುದ್ರಮ್ಮನವರು. 'ಹುಳಿಯಾರಿಗೆ ತವ್ರಿಗೆ ಹೋಗೋವಾಗೆಲ್ಲ ಈ ಬಾಗ್ಲೇ. ಬಲಗೈಲಿ ಇವ್ನು, ಎಡಗೈಲಿ ಬಾಗ್ಲು. ಇಳ್ಸಿದ್ರೆ ಅಳೋನು.'

ಇವನು ಎಂದದ್ದು ಪಂಚಾಕ್ಷರಿಯವರನ್ನು. ಅವರು ಬಾಗಿಲ ಆ ಕಡೆ ನಿಂತು ನನ್ನನ್ನೇ ನೋಡುತ್ತಿದ್ದರು. 'ಇನ್ನೇನ್ ಬೇಕು ಆಚಾರ್ರೇ? ಇನ್ನಾದ್ರೂ ಒಪ್ಕೊಳ್ರಿ' ಎಂದರು.

ಆಗ ನಾನು ಅಂಗಳದಲ್ಲೇ, ಎಲ್ಲರ ಎದುರು, ದನಿ ಏರಿಸಿ ಮಾತಾಡಿದೆ. ಆ ಮನೆಯಲ್ಲಿ ನಮ್ಮ ಮನೆಯವರು ಯಾರೂ ಹಾಗೆ ಮಾತಾಡಿದ್ದಿಲ್ಲ. 'ಅಮ್ಮಾವ್ರ ಕೈ ಜಾಗ ಇದ್ರೆ ಇರ್ಲಿ, ಅದು ಹೆಂಗೆ ಬಂತು ಅಂತ ನಂಗೆ ಹೇಳಕ್ಕೆ ಬರಲ್ಲ. ಆದ್ರೆ ಹೋದ ಬುಧವಾರದ ತನಕ ಈ ಸಾಮಾನು ಭೂಮಿ ಮೇಲೆ ಇರ್ಲಿಲ್ಲ. ನಮ್ಮಪ್ಪ ಕೊಟ್ಟೆ ಅಂದ್ರು, ಕೊಟ್ರು. ನಾನು ಮಾಡ್ದೆ ಅಂತಿದೀನಿ, ಮಾಡ್ದೆ' ಎಂದೆ.

ರುದ್ರಮ್ಮನವರು ನನ್ನ ಮುಖ ನೋಡಿದರು. ನಾನು ಯಾರ ಮಗ ಎಂದು ಅವರಿಗೆ ಆಗಲೇ ಗೊತ್ತಾದದ್ದು. ಅವರು ಕೇಳಿದ್ದು, ನಾನಾಗಲಿ ಪಂಚಾಕ್ಷರಿಯವರಾಗಲಿ ಅಷ್ಟು ದಿನದಲ್ಲಿ ಒಮ್ಮೆಯೂ ಯೋಚಿಸದ ಪ್ರಶ್ನೆ.

'ಬೆಸುಗೆ ಎಲ್ಲೈತಪ್ಪ ಇದ್ರಾಗೆ?'

ಯಾರಿಗೂ ಅರ್ಥವಾಗಲಿಲ್ಲ. ಅವರೇ ಹೇಳಿದರು: 'ಅದು ಮುರೀತು ಅಂತ ಅಲ್ವಾ ನಿಮ್ಮಪ್ಪಂಗೆ ಕೊಟ್ಟಿದ್ದು. ಮುರಿದಿದ್ದು ನನ್‌ ಕೈಲೇ. ಕತ್ತಿನ ತಾವ ಎರಡು ತುಂಡು. ಒಂದ್ ತುಂಡು ಬಾಗ್ಲಲ್ಲಿ, ಒಂದ್ ತುಂಡು ಕೈಲಿ. ನಿಮ್ಮಪ್ಪ ವಾಪಸ್ ಕೊಟ್ನೋ ಬಿಟ್ನೋ ನಂಗೊತ್ತಿಲ್ಲ ಕಣಪ್ಪ, ನಾನು ಸುಳ್ಳು ಹೇಳಲ್ಲ. ಆದ್ರೆ ಅದೇ ಇದು ಆದ್ರೆ ಕೂಡ್ಸಿದ ಗುರ್ತು ಇರ್ಬೇಕಲ್ಲ.'

ರಹಮತ್ ತನ್ನ ಪೆಟ್ಟಿಗೆಯಿಂದ ಭೂತಗನ್ನಡಿ ತಂದ. ಮೊಳೆ ತೆಗೆದು ಹಿಡಿಕೆ ಕಳಚಿ, ಅವನು ನೋಡಿದ, ನಾನು ನೋಡಿದೆ, ಪಂಚಾಕ್ಷರಿಯವರೂ ನೋಡಿದರು. ಬೆಸುಗೆ ಹಾಕಿದ ಕಡೆ ಹಿತ್ತಾಳೆಯ ಬಣ್ಣ ಬೇರೆಯಾಗುತ್ತದೆ, ಎಷ್ಟು ನುಣ್ಣಗೆ ಉಜ್ಜಿದರೂ ಒಂದು ಸುತ್ತು ಕಾಣುತ್ತದೆ. ಅಲ್ಲಿ ಏನೂ ಇರಲಿಲ್ಲ. ಕತ್ತು ಒಂದೇ ಮೈ, ಒಂದೇ ಬಣ್ಣ. ಮುರಿದು ಕೂಡಿಸಿದ ಸಾಮಾನು ಅದಲ್ಲ.

'ಹಂಗಾದ್ರೆ ಇದು ಬೇರೆ ಯಾವ್ದೋ...' ಎಂದು ಪಂಚಾಕ್ಷರಿಯವರು ಶುರುಮಾಡಿ ನಿಲ್ಲಿಸಿದರು. ಬೇರೆ ಯಾವುದೋ ಆಗಿದ್ದರೆ ಅದರಲ್ಲಿ ಅವರ ತಾಯಿಯ ಕೈ ಹೇಗೆ ಕೂತಿತು? ಅವರು ಆ ಪ್ರಶ್ನೆಯ ಎದುರು ನಿಂತದ್ದನ್ನು ನಾನು ನೋಡಿದೆ. ನಾನು ಆರು ದಿನದಿಂದ ನಿಂತಿದ್ದ ಜಾಗ ಅದು. ಸುಳ್ಳು ಹೇಳಬಾರದು, ನನಗೆ ಸಮಾಧಾನವೇ ಆಯಿತು.

ನಾನು ಜಗುಲಿಯ ಮೇಲೆ ಕೂತು ಅವರು ಕೇಳಿದ್ದ ಕಾಗದ ಬರೆದೆ. ನಾಲ್ಕು ವಾಕ್ಯ. ಹಿಂದಿನ ಎಡಬಾಗಿಲಿನ ಹಿಡಿಕೆಯನ್ನು ನಾನು ಹೊಸದಾಗಿ ಎರೆದಿದ್ದೇನೆ. ಮಾದರಿಯಲ್ಲಿ ಸವೆತ ಇರಲಿಲ್ಲ. ಅಚ್ಚು ಒಡೆದಾಗ ಹಿಡಿಕೆಯಲ್ಲಿ ಸವೆತ ಇತ್ತು, ಅದನ್ನು ನಾನು ಮಾಡಿಲ್ಲ. ಇದಕ್ಕೆ ಕಾರಣ ನನಗೆ ತಿಳಿಯದು. ಕೆಳಗೆ ನನ್ನ ಹೆಸರು, ಅಪ್ಪನ ಹೆಸರು ಎರಡನ್ನೂ ಪೂರ್ತಿ ಬರೆದು ಸಹಿ ಹಾಕಿದೆ. ಹಿಡಿಕೆ ಇರುವಲ್ಲಿ ಈ ಕಾಗದ ಇರಬೇಕು, ಇಲ್ಲದಿದ್ದರೆ ಹಿಡಿಕೆ ನನ್ನ ಜೊತೆ ಬರುತ್ತದೆ, ಸವೆಯದ ಇನ್ನೊಂದನ್ನು ಹಾಕಿಸಿಕೊಳ್ಳಿ ಎಂದೆ.

'ಇದನ್ನ ಹೆಂಗ್ರೀ ತೋರ್ಸೋದು ಜನಕ್ಕೆ?' ಎಂದರು ಪಂಚಾಕ್ಷರಿಯವರು.

'ಓದು' ಎಂದರು ಅವರ ತಾಯಿ. ಅವರು ಶಾಲೆಗೆ ಹೋದವರಲ್ಲ. ಮಗ ಓದಿದರು. ಇನ್ನೊಮ್ಮೆ ಓದಿಸಿದರು. ಆಮೇಲೆ ಒಳಗಿನಿಂದ ಶಾಯಿಯ ಡಬ್ಬಿ ತರಿಸಿ, 'ನಂದೂ ಇರ್ಲಿ' ಎಂದು, ನನ್ನ ಸಹಿಯ ಪಕ್ಕದಲ್ಲಿ ಎಡಗೈಯ ಹೆಬ್ಬೆಟ್ಟು ಒತ್ತಿದರು. ಮಗ ಏನೋ ಹೇಳಲು ಹೋದರು. 'ಕೈ ನಂದು. ಕೆಲ್ಸ ಇವಂದು. ಎರಡೂ ನಿಜ. ನಿಂಗೆ ಒಂದಕ್ಕೊಂದು ಕೂಡಲ್ಲ ಅಂದ್ರೆ ಸುಮ್ನಿರು' ಎಂದರು.

ಕಾರು ಅದೇ ಹಿಡಿಕೆಯೊಂದಿಗೆ ಮೈಸೂರಿಗೆ ಹೋಯಿತು. ತಾಯಿಯ ಹೆಬ್ಬೆಟ್ಟಿದ್ದ ಕಾಗದವನ್ನು ಬಿಟ್ಟುಹೋಗಲು ಪಂಚಾಕ್ಷರಿಯವರಿಗೆ ಮನಸ್ಸು ಬರಲಿಲ್ಲ. ಅಲ್ಲಿನ ಪರೀಕ್ಷಕರು ಅದನ್ನು ಓದಿ, ನಕ್ಕು, ಹಿಡಿಕೆ ಅಸಲಿಯಲ್ಲ ಎಂದು ಬರೆದುಕೊಂಡರಂತೆ. ಬಹುಮಾನ ತುಮಕೂರಿನ ಇನ್ನೊಂದು ಕಾರಿಗೆ ಹೋಯಿತು. ಪಂಚಾಕ್ಷರಿಯವರು ಅಲ್ಲಿಂದ ಇಲ್ಲಿಯವರೆಗೆ ನನ್ನ ಜೊತೆ ಮಾತಾಡಿಲ್ಲ. ಎದುರಿಗೆ ಸಿಕ್ಕರೆ ತಲೆಯಾಡಿಸುತ್ತಾರೆ.

ರುದ್ರಮ್ಮನವರು ತೀರಿಕೊಂಡು ಎರಡು ವರ್ಷವಾಯಿತು. ಅಪ್ಪ ಆ ಹಳೆಯ ಹಿಡಿಕೆಯನ್ನು ವಾಪಸು ಕೊಟ್ಟರು ಎಂಬುದನ್ನು ನಾನು ಇವತ್ತಿಗೂ ಯಾರಿಗೂ ಸಾಬೀತು ಮಾಡಲಾರೆ. ನನ್ನ ಅಚ್ಚಿನಲ್ಲಿ ಆ ಬುಧವಾರ ಏನಾಯಿತು ಎಂದೂ ಹೇಳಲಾರೆ. ಅದೇ ಮಾದರಿಯಲ್ಲಿ ಆಮೇಲೆ ಹನ್ನೊಂದು ಸಲ ಹೊಯ್ದಿದ್ದೇನೆ, ಬೇಕೆಂದೇ. ಹನ್ನೊಂದೂ ಚೊಕ್ಕವಾಗಿ ಬಂದವು. ಕಾಲೇಜು ಓದಿದವರೊಬ್ಬರು ಅಂಗಡಿಗೆ ಬಂದು, ನಿಮಗೆ ಗೊತ್ತಿಲ್ಲದೆ ನೀವೇ ಅರ ಹಾಕಿರಬಹುದು, ಮನಸ್ಸು ಹಾಗೆ ಮಾಡಿಸುತ್ತದೆ ಎಂದರು. ಸರಿ, ಆ ಮುದುಕಿಯ ಬೆರಳಿನ ಅಳತೆ ನನ್ನ ಮನಸ್ಸಿಗೆ ಯಾರು ಕೊಟ್ಟರು ಎಂದು ಕೇಳಿದೆ. ಅವರು ಕಾಫಿ ಕುಡಿದು ಹೋದರು.

ಈಗ ನಮ್ಮ ಓಣಿಯಲ್ಲಿ ಅಪ್ಪನನ್ನು ಕಳ್ಳ ಎನ್ನುವವರು ಕಡಿಮೆಯಾಗಿದ್ದಾರೆ. ಆಚಾರಿಯ ಮಗನಿಗೆ ತಲೆ ಸ್ವಲ್ಪ ಸರಿಯಿಲ್ಲ ಎನ್ನುವವರು ಹೆಚ್ಚಾಗಿದ್ದಾರೆ. ಅನ್ನಲಿ. ಅದು ನನ್ನ ಮೇಲೆ ಬರುವ ಮಾತು, ಅದನ್ನು ನಾನು ಹೊರುತ್ತೇನೆ.